ರಾತ್ರಿ ಹಾಕಿದ ಟವೆಲ್ ಬೆಳಿಗ್ಗೆ ಒಣಗಿತ್ತಾ?

ಒಂದು ವಾರದಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ಮುಂಬೈಗೆ ಯಾವಾಗ ಹೋಗೋದು? ಅಲ್ಲಿರುವ ತಮ್ಮ ದಿನಾ ರಾತ್ರಿ ಫೋನ್ ಮಾಡುತ್ತಾನೆ. ಅವನ ಮಗಳಿಗೆ ಮೂರು ತುಂಬಿ ಎರಡು ತಿಂಗಳಾಯಿತು. ವಿಡಿಯೊ ಕಾಲ್ ಬಿಟ್ಟರೆ ಆ ಮಗು ಅಜ್ಜಿಯನ್ನು ಎದುರಿಗೆ ನೋಡಿದ್ದು ಒಂದೇ ಸಲ, ಅದೂ ಎಂಟು ತಿಂಗಳ ಕೂಸಿದ್ದಾಗ. ಅವ್ವನಿಗೆ ಈಗ 71. ಮೊಮ್ಮಗಳನ್ನು ಎತ್ತಿಕೊಳ್ಳುವ ಆಸೆ ಕಣ್ಣಲ್ಲೇ ಕಾಣುತ್ತದೆ. ಆದರೆ ಮುಂಬೈ ಅಂದ ಕೂಡಲೇ "ಆ ಊರು ನನಗ ಒಗ್ಗಂಗಿಲ್ಲ ಯವ್ವಾ" ಅಂತ ಮಾತು ಮುಗಿಸಿಬಿಡುತ್ತಾಳೆ. ಎರಡೂವರೆ ವರ್ಷದಿಂದ ಇದೇ ಉತ್ತರ. ನಾನೂ ಅದನ್ನೇ ನಂಬಿದ್ದೆ. ಈಗ ಕೂತು ಯೋಚನೆ ಮಾಡಿದರೆ ಊರಿನದ್ದೇನೂ ತಪ್ಪಿಲ್ಲ, ನಾವು ಹೋದ ಕಾಲ ಸರಿ ಇರಲಿಲ್ಲ ಅನ್ನಿಸುತ್ತಿದೆ.

ಕಾಲ ನೋಡಿಕೊಂಡು ಹೋಗೋಣ ಅಂದರೆ ಅದೂ ಸುಲಭ ಇಲ್ಲ. ರೈಲಿನ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ 60ಕ್ಕೆ ಇಳಿಸಿದರು. ಮೊದಲ ದಿನವೇ ಮಾಡಿಸದಿದ್ದರೆ ಕೆಳಗಿನ ಬರ್ತ್ ಸಿಗುವುದು ಕಷ್ಟ. ಅವ್ವನಿಗೆ ಮೇಲಿನದ್ದು ಹತ್ತಲಿಕ್ಕೆ ಆಗುವುದಿಲ್ಲ. ಇತ್ತ ಹವಾಮಾನದ ಆ್ಯಪ್ ತೆಗೆದರೆ ಹತ್ತು ದಿನದ್ದು ತೋರಿಸುತ್ತದೆ, ಅದರಲ್ಲೂ ಗಟ್ಟಿಯಾಗಿ ನಂಬುವಂಥದ್ದು ಮೊದಲ ನಾಲ್ಕೈದು ದಿನದ್ದು ಮಾತ್ರ. ಮುಂದಿನ ಐವತ್ತು ದಿನದ್ದನ್ನು ಯಾರನ್ನು ಕೇಳಬೇಕು? ಟಿಕೆಟ್ ಮಾಡಿಸುವ ದಿನ ಯಾರಿಗೂ ಗೊತ್ತಿಲ್ಲದ ಒಂದು ಹವೆಯ ಮೇಲೆ ನಾವು ದುಡ್ಡು ಕಟ್ಟುತ್ತೇವೆ. ಉಳಿಯುವುದು ವಾಡಿಕೆ ಒಂದೇ. ಈ ಊರಲ್ಲಿ ಈ ಹೊತ್ತಿಗೆ ವರ್ಷವರ್ಷ ಹೇಗಿರುತ್ತದೆ ಅನ್ನುವ ತಿಳಿವಳಿಕೆ. ಅದು ನಮ್ಮ ಹತ್ತಿರ ನಮ್ಮ ಊರಿನದ್ದು ಬೇಕಾದಷ್ಟಿದೆ. ಹೋಗುವ ಊರಿನದ್ದು ಇಲ್ಲ. ಹೀಗಾಗಿ ನಮ್ಮ ಊರಿನ ಲೆಕ್ಕವನ್ನೇ ಹಿಡಿದುಕೊಂಡು ಹೋಗಿಬಿಡುತ್ತೇವೆ.

ಘಟ್ಟ ಇಳಿದ ಮೇಲೆ

ಎರಡೂವರೆ ವರ್ಷದ ಹಿಂದಿನ ಮೇ ತಿಂಗಳು. ನನಗೆ ಶಾಲೆಯ ಬೇಸಿಗೆ ರಜೆ, ಎರಡನೇ ಬೆಳೆಯ ಭತ್ತ ಮಾರಿ ಆಗಿತ್ತು, ನಮ್ಮ ಮನೆಯವರು "ಈಗ ಹೋಗಿ ಬಂದುಬಿಡ್ರಿ" ಅಂದರು. ಹವೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾಕೆ ಆಡಬೇಕು? ನಮ್ಮ ಸಿಂಧನೂರಿನಲ್ಲಿ 42 ಡಿಗ್ರಿ ಇತ್ತು. ಮುಂಬೈನಲ್ಲಿ 33, 34 ಅಂತ ಫೋನ್ ತೋರಿಸುತ್ತಿತ್ತು. "ಎಂಟು ಡಿಗ್ರಿ ಕಡಿಮೆ ಅದ ಅವ್ವಾ, ಆರಾಮ ಇರ್ತದ" ಅಂತ ನಾನೇ ಹೇಳಿದ್ದು.

ಆಗಿನ್ನೂ ಸಿಂಧನೂರಿಗೆ ರೈಲು ಬಂದಿರಲಿಲ್ಲ. ಈಗ ಬಂದಿದೆ, ಆದರೂ ಮುಂಬೈಗೆ ಹೋಗಬೇಕಂದರೆ ರಾಯಚೂರಿಗೇ ಬರಬೇಕು. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಮಲಗಿ, ಬೆಳಗಿನ ಜಾವ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದೆವು. ಸ್ಲೀಪರ್ ಬೋಗಿ. ಕಲಬುರಗಿ ದಾಟಿ ಸೋಲಾಪುರ ಬರುವಷ್ಟರಲ್ಲಿ ಕಿಟಕಿಯಿಂದ ಬಿಸಿ ಗಾಳಿ ಹೊಡೆಯಲಿಕ್ಕೆ ಶುರುವಾಯಿತು. ಅವ್ವ ತನ್ನ ಹಳೇ ನೀಲಿ ಟವೆಲ್ಲನ್ನು ವಾಶ್‌ಬೇಸಿನ್‌ನಲ್ಲಿ ನೆನೆಸಿ ತಂದು ತಲೆ ಮೇಲೆ ಹಾಕಿಕೊಂಡಳು. ಹತ್ತು ನಿಮಿಷಕ್ಕೆ ಅದು ಗರಿಗರಿ ಒಣಗುತ್ತಿತ್ತು. ಮತ್ತೆ ನೆನೆಸುವಳು. ಹೊಲದಲ್ಲಿ ಇಡೀ ಆಯುಷ್ಯ ಅವಳು ಮಾಡಿದ್ದೇ ಇದು, ತಲೆ ಮೇಲೆ ಹಸಿ ಬಟ್ಟೆ, ಮೈಗೆ ಗಾಳಿ. ಅಷ್ಟು ಬಿಸಿಲಲ್ಲೂ ಅವಳ ಮುಖ ತಂಪಾಗಿತ್ತು. ಎದುರು ಸೀಟಿನ ಹುಡುಗ ಒಬ್ಬ ಅವಳನ್ನು ನೋಡಿ ತಾನೂ ಕರ್ಚೀಫ್ ನೆನೆಸಿಕೊಂಡು ಬಂದ.

ಪುಣೆ ಆಯಿತು, ಲೋನಾವಳ ಆಯಿತು. ಅಲ್ಲಿಂದ ರೈಲು ಘಟ್ಟ ಇಳಿಯುತ್ತದೆ. ಒಂದರ ಹಿಂದೊಂದು ಸುರಂಗ. ಕರ್ಜತ್ ಹತ್ತಿರ ಬಂದಾಗ ಅವ್ವ ಟವೆಲ್ ಮುಟ್ಟಿ ನೋಡಿಕೊಂಡು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಇದ್ಯಾಕ ಒಣಗವಲ್ದು?" ನೆನೆಸಿ ಅರ್ಧ ಗಂಟೆ ಮೇಲಾಗಿತ್ತು. ಟವೆಲ್ ಹಾಗೇ ಹಸಿ. ಬಿಸಿಲು ಇಳಿದಿತ್ತು, ಗಾಳಿ ಬಿಸಿ ಇರಲಿಲ್ಲ. ಆದರೆ ಕತ್ತಿನ ಹಿಂದೆ, ಮೊಣಕೈ ಮಡಿಕೆಯಲ್ಲಿ ಏನೋ ಅಂಟಂಟು. ಸೀರೆ ಮೈಗೆ ಮೆತ್ತಿಕೊಳ್ಳುತ್ತಿತ್ತು. ಮುಂದೆ ಆಗುವುದನ್ನೆಲ್ಲ ಆ ಟವೆಲ್ ಆಗಲೇ ಹೇಳಿತ್ತು. ಕೇಳಿಸಿಕೊಳ್ಳುವಷ್ಟು ತಿಳಿವಳಿಕೆ ನನಗೆ ಇರಲಿಲ್ಲ.

ಮುಂಬೈ ಪಕ್ಕದ ಡೊಂಬಿವಲಿಯ ತಮ್ಮನ ಮನೆಯಲ್ಲಿ ಮೊದಲ ರಾತ್ರಿ ಅವ್ವ ಸ್ನಾನ ಮಾಡಿ ಅದೇ ಟವೆಲ್ಲನ್ನು ಗ್ಯಾಲರಿಯ ಹಗ್ಗಕ್ಕೆ ಹಾಕಿದ್ದಳು. ಬೆಳಿಗ್ಗೆ ತೆಗೆದರೆ ಒದ್ದೆ. "ಕೂಲರ್ ಯಾಕ ತಗೊಂಡಿಲ್ಲೋ ತಮ್ಮಾ?" ಅಂತ ಮಗನನ್ನು ಕೇಳಿದಳು. ಇಲ್ಲಿ ಕೂಲರ್ ನಡೆಯಲ್ಲ ಅವ್ವಾ, ಹಾಕಿದರೆ ಇನ್ನೂ ಕಷ್ಟ ಆಗ್ತದ ಅಂತ ಅವನು ಹೇಳಿದ. ಮಣ್ಣಿನ ಗಡಿಗೆಯೂ ಇರಲಿಲ್ಲ. ಅದರಲ್ಲಿ ನೀರು ತಣ್ಣಗಾಗಲ್ಲ ಅಂದ. ನಮ್ಮ ಕಡೆ ಬೇಸಿಗೆ ಕಳೆಯುವುದೇ ಈ ಮೂರರಿಂದ, ಹಸಿ ಬಟ್ಟೆ, ಗಡಿಗೆ, ಕೂಲರ್. ಮೂರೂ ಅಲ್ಲಿ ಕೈ ಕೊಟ್ಟವು.

ಮೂರನೇ ದಿನ ಸಿದ್ಧಿವಿನಾಯಕನ ದರ್ಶನಕ್ಕೆ ಹೊರಟೆವು. ತಮ್ಮ ಆಫೀಸಿಗೆ ಹೋಗಿದ್ದ, ನಾನು ಮತ್ತು ಅವ್ವ ಮಾತ್ರ. ಕೂಸಿನ ಕೆಲಸ ಮುಗಿಸಿಕೊಂಡು ಹೊರಟಿದ್ದರಿಂದ ಹನ್ನೊಂದು ದಾಟಿತ್ತು. ಅವ್ವ ಬೆಳಿಗ್ಗೆಯಿಂದ ಒಂದು ಲೋಟ ಚಹಾ ಬಿಟ್ಟರೆ ನೀರೇ ಕುಡಿದಿರಲಿಲ್ಲ. ಅದಕ್ಕೆ ಕಾರಣ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವಂಥದ್ದೇ. ದಾರಿಯಲ್ಲಿ ಶೌಚಾಲಯ ಎಲ್ಲಿ ಹುಡುಕೋದು, ಸುಮ್ನೆ ಯಾಕೆ ತೊಂದರೆ ಅಂತ ಹೊರಗೆ ಹೋಗುವ ದಿನ ನೀರು ಬಿಟ್ಟುಬಿಡುವುದು. ದಾದರ್‌ನಲ್ಲಿ ಇಳಿದು ಮೇಲ್ಸೇತುವೆಯ ಮೆಟ್ಟಿಲು ಹತ್ತುತ್ತಿದ್ದೆವು. ಜನ ಅಂದರೆ ಜನ. ಅರ್ಧ ಹತ್ತಿದ ಮೇಲೆ ಅವಳು ಕೈ ಬಿಟ್ಟಳು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಕೈ ಹಿಡಿದರೆ ತಣ್ಣಗಿದೆ, ನೀರಲ್ಲಿ ಅದ್ದಿದ ಹಾಗೆ ಒದ್ದೆ. ತುಟಿ ಬಿಳಿ. "ಕಣ್ಣು ಕತ್ತಲ ಬರಾಕತ್ಯಾವ" ಅಂದಳು. ಮೈ ಬಿಸಿ ಇದ್ದರೆ ನಾನು ಬಿಸಿಲು ಬಡಿದಿದೆ ಅಂದುಕೊಳ್ಳುತ್ತಿದ್ದೆ. ತಣ್ಣಗಿದ್ದದ್ದೇ ನನಗೆ ಹೆದರಿಕೆ ಆಯಿತು.

ಹೂವಿನ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸು ಬುಟ್ಟಿ ಇಳಿಸಿದಳು. "ಬಸಾ ಆಯೀ, ಬಸಾ" ಅಂತ ಅವ್ವನ ತಲೆಯನ್ನು ತನ್ನ ಮೊಣಕಾಲಿಗೆ ಆನಿಸಿಕೊಂಡು, ಯಾವುದೋ ರಟ್ಟಿನ ಚೂರಿನಿಂದ ಗಾಳಿ ಹಾಕಿದಳು. ಅವಳ ಬಾಟಲಿಯ ನೀರು. ಮತ್ತಾರೋ ನಿಂಬೆಹಣ್ಣಿನ ಶರಬತ್ತು ತಂದುಕೊಟ್ಟರು, ಉಪ್ಪು ಹಾಕಿದ್ದು. ಅವ್ವ ಗುಟುಕು ಗುಟುಕಾಗಿ ಕುಡಿದಳು. ಮುಖಕ್ಕೆ ಬಣ್ಣ ಬರಲಿಕ್ಕೆ ಇಪ್ಪತ್ತು ನಿಮಿಷ ಬೇಕಾಯಿತು. ಆ ಹೆಂಗಸು ಅಷ್ಟು ಹೊತ್ತೂ ಅಲ್ಲೇ ಇದ್ದಳು, ವ್ಯಾಪಾರ ಬಿಟ್ಟು. ಹೋಗುವಾಗ ಅವ್ವನ ಕೈಗೆ ಒಂದು ಸಣ್ಣ ಮಾಲೆ ಕೊಟ್ಟು ಹೋದಳು. ದರ್ಶನ ಆಗಲಿಲ್ಲ, ಆ ಮಾಲೆಯನ್ನೇ ಮನೆಯ ದೇವರಿಗೆ ಹಾಕಿದೆವು. ಡಾಕ್ಟರು ನೋಡಿ, ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ, ಕೆಲವು ಬಿಪಿ ಮಾತ್ರೆಗಳು ಮೈಯಲ್ಲಿನ ನೀರು, ಉಪ್ಪನ್ನು ಹೊರಗೆ ಹಾಕುತ್ತವೆ, ಕೇಳಿ ಕೇಳಿ ಕುಡಿಸಬೇಕು ಅಂದರು. ಎರಡು ದಿನ ಬಿಟ್ಟು ವಾಪಸ್ ಬಂದೆವು. ಹದಿನೈದು ದಿನ ಇರಬೇಕು ಅಂತ ಹೋದವರು.

ಬೆವರು ಆರಬೇಕು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ ಅಂತ ಎಷ್ಟು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಶಾಖ ತೆಗೆದುಕೊಂಡು ಹೋಗುತ್ತದೆ, ಒಳಗಿನ ನೀರು ತಂಪಾಗುತ್ತದೆ. ಮನುಷ್ಯನ ಮೈಯೂ ಒಂದು ಗಡಿಗೆಯೇ. ಬೆವರು ಬಂದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿಕೊಂಡಿದ್ದರೆ ಬೆವರಿಗೆ ಹೋಗಲಿಕ್ಕೆ ಜಾಗವೇ ಇಲ್ಲ. ಅದು ಮೈಮೇಲೆ ಹರಿಯುತ್ತದೆ, ಉಪ್ಪು ನೀರು ಖಾಲಿಯಾಗುತ್ತದೆ, ಮೈ ಮಾತ್ರ ಕುದಿಯುತ್ತಲೇ ಇರುತ್ತದೆ. ಸಿಂಧನೂರಿನ ಒಣ ಗಾಳಿಯ 42 ಮತ್ತು ಮೇ ತಿಂಗಳ ಮುಂಬೈನ 33 ಮೈಗೆ ಹೆಚ್ಚುಕಮ್ಮಿ ಒಂದೇ ಅನ್ನಿಸುತ್ತವೆ. ನಮಗೆ ಒಂದಕ್ಕೆ ರೂಢಿ ಇದೆ, ಇನ್ನೊಂದಕ್ಕೆ ಇಲ್ಲ, ಅಷ್ಟೇ.

ಹವಾಮಾನ ಇಲಾಖೆಗೂ ಇದು ಗೊತ್ತಿರುವ ವಿಷಯವೇ. ಬಿಸಿಗಾಳಿ ಅಂತ ಎಚ್ಚರಿಕೆ ಕೊಡಬೇಕಾದರೆ ಬಯಲು ನಾಡಿನ ಊರಲ್ಲಿ ಕನಿಷ್ಠ 40 ಡಿಗ್ರಿ ಆಗಿರಬೇಕು. ಕರಾವಳಿಗೆ 37 ಆಗಿ, ಅದು ವಾಡಿಕೆಗಿಂತ 4.5 ಡಿಗ್ರಿಯಷ್ಟು ಜಾಸ್ತಿ ಇದ್ದರೆ ಸಾಕು. ಒಂದೇ ದೇಶ, ಒಂದೇ ಇಲಾಖೆ, ಅಳತೆ ಬೇರೆ. ನಾವು ಮಾತ್ರ ಎರಡು ಊರಿನ ಎರಡು ನಂಬರ್ ಪಕ್ಕ ಪಕ್ಕ ಇಟ್ಟು ಯಾವುದು ಸಣ್ಣದೋ ಅದು ತಂಪು ಅಂದುಕೊಳ್ಳುತ್ತೇವೆ. ಇದನ್ನು ಒತ್ತಿ ಹೇಳುತ್ತಿರುವುದು ಯಾಕಂದರೆ, ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಬಿಸಿಲಿನ ಬಗ್ಗೆ ಒಂದು ಧೈರ್ಯ ಇದೆ. ಅದು ಸುಳ್ಳು ಧೈರ್ಯ ಅಲ್ಲ, ಪಟ್ಟ ಪಾಡಿನಿಂದ ಬಂದದ್ದು. ಆದರೆ ಆ ಧೈರ್ಯ ನಮ್ಮ ಒಣ ಗಾಳಿಯಲ್ಲಿ ಬೆಳೆದದ್ದು. ಘಟ್ಟದ ಕೆಳಗೆ ಅದನ್ನೇ ನೆಚ್ಚಿಕೊಂಡರೆ ಮನೆಯ ಹಿರಿಯರಿಗೆ ಪೆಟ್ಟು ಬೀಳುತ್ತದೆ.

"ಒಳ್ಳೆ ಕಾಲ" ಯಾರಿಗೆ?

ನೆಟ್‌ನಲ್ಲಿ ಹುಡುಕಿದರೆ ಎಲ್ಲ ಊರಿಗೂ ಒಂದೇ ಮಾತು ಸಿಗುತ್ತದೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಮುಂಬೈಗೆ ಅದು ನಿಜವೇ. ಆದರೆ ನಮ್ಮ ಮನೆಯ ಲೆಕ್ಕ ನೋಡಿ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಜುಲೈ, ಆಗಸ್ಟ್‌ನಲ್ಲಿ ನಾಟಿ. ನವೆಂಬರ್, ಡಿಸೆಂಬರ್ ಕೊಯ್ಲು, ಒಣಗಿಸುವುದು, ಮಾರುವುದು. ಜನವರಿಯಲ್ಲಿ ಎರಡನೇ ಬೆಳೆಯ ನಾಟಿ. ಅದು ಮುಗಿಯುವುದು ಏಪ್ರಿಲ್, ಮೇ. ನನ್ನ ಶಾಲೆಯ ಲೆಕ್ಕ ಇನ್ನೂ ಬಿಗಿ. ಉದ್ದ ರಜೆ ಎರಡೇ, ಏಪ್ರಿಲ್-ಮೇ ಮತ್ತು ದಸರಾ. ಹೊಲ ಮತ್ತು ಶಾಲೆ ಎರಡೂ ಕೂಡಿ ನಮ್ಮನ್ನು ಮೇ ತಿಂಗಳಿಗೋ ಅಕ್ಟೋಬರ್‌ಗೋ ತಳ್ಳುತ್ತವೆ. ಮೇ ತಿಂಗಳ ಮುಂಬೈ ಹೇಳಿದೆನಲ್ಲ. ಅಕ್ಟೋಬರ್‌ನಲ್ಲಿ ಅಲ್ಲಿ ಮಳೆ ನಿಂತು ಮತ್ತೆ ಸೆಕೆ ಏರುತ್ತದೆ, ಅದಕ್ಕೆ ಅವರು "ಅಕ್ಟೋಬರ್ ಹೀಟ್" ಅಂತ ಹೆಸರನ್ನೇ ಇಟ್ಟಿದ್ದಾರೆ.

ನೋಡಲಿಕ್ಕೆ ಹೋಗುವವರಿಗೆ ಒಳ್ಳೆ ಕಾಲ ಆರಿಸಿಕೊಳ್ಳುವ ಅವಕಾಶ ಇರುತ್ತದೆ. ನಮ್ಮ ಕಡೆಯಿಂದ ದೊಡ್ಡ ಊರಿಗೆ ಹೋಗುವವರಲ್ಲಿ ಅಂಥವರು ಕಡಿಮೆ. ಆಸ್ಪತ್ರೆಗೆ ಹೋಗುತ್ತಾರೆ, ಪರೀಕ್ಷೆ ಬರೆಯಲಿಕ್ಕೆ, ಮಕ್ಕಳನ್ನು ಹಾಸ್ಟೆಲ್‌ಗೆ ಬಿಡಲಿಕ್ಕೆ, ಹೆರಿಗೆಗೆ, ದುಡಿಯಲಿಕ್ಕೆ ಹೋಗುತ್ತಾರೆ. ತಾರೀಖು ಬೇರೆ ಯಾರೋ ಕೊಡುತ್ತಾರೆ. ಅಂಥ ಹೊತ್ತಲ್ಲಿ "ಚಳಿಗಾಲದಲ್ಲಿ ಹೋಗಿ" ಅನ್ನುವ ಸಲಹೆಯಿಂದ ಏನು ಉಪಯೋಗ? ತಿಂಗಳು ನಮ್ಮ ಕೈಯಲ್ಲಿ ಇಲ್ಲದಿದ್ದರೂ ಹೊತ್ತು ನಮ್ಮ ಕೈಯಲ್ಲಿದೆ. ಎಷ್ಟು ಗಂಟೆಗೆ ಹೊರಡಬೇಕು ಅನ್ನುವುದು. ಇದನ್ನು ನನಗೆ ಕಲಿಸಿದ್ದು ಬೆಂಗಳೂರು.

ಕಳೆದ ವರ್ಷ ದಸರಾ ರಜೆಯಲ್ಲಿ ಮಗಳನ್ನು ಬೆಂಗಳೂರಿನ ಹಾಸ್ಟೆಲ್‌ಗೆ ಬಿಡಲಿಕ್ಕೆ ಹೋಗಿದ್ದೆ. ಮೊದಲ ಸಲ ಮನೆ ಬಿಟ್ಟು ಇರುವವಳು. ಅವಳಿಗಂತ ಸಿಂಧನೂರಿನಲ್ಲೇ ಹೊಸ ಹತ್ತಿಯ ಗಾದಿ ಮಾಡಿಸಿದ್ದೆವು, ಮನೆಯ ಮುಂದೆ ಕೂತು ಹತ್ತಿ ಹಿಂಜಿಸಿ. ಅಲ್ಲಿಯೇ ಕೊಳ್ಳಬಹುದಿತ್ತು, ಆದರೆ ಅವಳು ನಮ್ಮ ಮನೆಯ ಗಾದಿಯ ಮೇಲೇ ಮಲಗಲಿ ಅಂತ ಅವ್ವನ ಆಸೆ. ರಾತ್ರಿ ಬಸ್ಸಿಗೆ ಟ್ರಂಕು, ಬಕೆಟ್ಟು, ಗಾದಿ ಎಲ್ಲ ಹಾಕಿಕೊಂಡು ಹೊರಟೆವು. ಬೆಳಿಗ್ಗೆ ಆರಕ್ಕೆ ಮೆಜೆಸ್ಟಿಕ್. ಆಕಾಶ ತೊಳೆದಿಟ್ಟ ಹಾಗಿತ್ತು, ತಂಪು ಗಾಳಿ. ಸಂಬಂಧಿಕರ ಮನೆಗೆ ಹೋದೆವು. ಅವರು ಪ್ರೀತಿಯವರು, ಊಟ ಮಾಡದೆ ಬಿಡಲಿಲ್ಲ. ಊಟ ಆಯಿತು, ಸ್ವಲ್ಪ ಅಡ್ಡಾದೆವು, ಚಹಾ ಆಯಿತು. ಆಟೋ ಹತ್ತಿದಾಗ ನಾಲ್ಕೂವರೆ. ಗಾದಿಯನ್ನು ಸುತ್ತಿ ಹಿಂದಿನ ಸಂದಿಗೆ ತುರುಕಿದ್ದೆವು.

ಐದು ಗಂಟೆಗೆ ಹಗಲು ಹೋಗಿ ರಾತ್ರಿ ಆದ ಹಾಗೆ ಕಪ್ಪಾಯಿತು. ಮೊದಲ ಹನಿ ಬಿದ್ದು ಎರಡು ನಿಮಿಷಕ್ಕೆ ಎದುರಿನ ಬಸ್ಸು ಕಾಣಲಿಲ್ಲ. ಅಂಡರ್‌ಪಾಸ್ ಹತ್ತಿರ ಗಾಡಿಗಳೆಲ್ಲ ನಿಂತುಬಿಟ್ಟವು. ಒಳಗೆ ನೀರು ತುಂಬಿದೆ, ಯಾರೂ ಇಳಿಯುವ ಹಾಗಿಲ್ಲ. ಆಟೋದ ಪಕ್ಕದ ಪರದೆ ಹರಿದಿತ್ತು. ಮಗಳು ತನ್ನ ಸರ್ಟಿಫಿಕೇಟಿನ ಫೈಲನ್ನು ಎದೆಗೆ ಅವುಚಿಕೊಂಡು ನನ್ನ ಕಡೆ ಸರಿದಳು. ಒಂದೂಮುಕ್ಕಾಲು ಗಂಟೆ ಅಲ್ಲೇ. ಹಾಸ್ಟೆಲ್ ಮುಟ್ಟಿ ಗಾದಿ ಇಳಿಸಿದಾಗ ಇಬ್ಬರಿಂದ ಎತ್ತಲಿಕ್ಕೆ ಆಗಲಿಲ್ಲ, ಅಷ್ಟು ನೀರು ಕುಡಿದಿತ್ತು. ಮೂಲೆ ಹಿಂಡಿದರೆ ಕೆಂಪು ನೀರು ಹರಿಯಿತು, ಹೊಸ ಬಟ್ಟೆಯ ಬಣ್ಣ. ಮಗಳು ಅಳಲಿಲ್ಲ. "ಅಮ್ಮಾ ನೀ ಹೋಗು, ಬಸ್ಸಿಗೆ ಲೇಟ್ ಆಗ್ತದ, ನಾ ಏನಾರ ಮಾಡ್ತೀನಿ" ಅಂದಳು. ಪಕ್ಕದ ಮಂಚದ ಹುಡುಗಿ, ಅವಳೂ ಎರಡು ದಿನದ ಹಿಂದೆ ಬಂದವಳೇ, ತನ್ನ ಹಾಸಿಗೆಯಲ್ಲಿ ಜಾಗ ಮಾಡಿದಳು. ಆ ರಾತ್ರಿ ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಗಾದಿ ಒಣಗಲಿಕ್ಕೆ ಆರು ದಿನ ಹಿಡಿಯಿತು, ಮತ್ತೆ ಮತ್ತೆ ಮಳೆ ಬರುತ್ತಿತ್ತಲ್ಲ.

ಊರಿಗೆ ಬಂದು ಅವ್ವನಿಗೆ ಹೇಳಿದರೆ ಅವಳು ಗೋಡೆಯ ಕ್ಯಾಲೆಂಡರ್ ತೋರಿಸಿದಳು. "ಚಿತ್ತಿ ಮಳಿ ಹೂಡ್ಯಾದ. ಕುರುಡು ಮಳಿ ಅದು, ಎತ್ತಾಗ ಬೇಕತ್ತಾಗ ಹೊಡಿತದ. ನನ್ನ ಕೇಳಿ ಹೋಗಬಾರ್ದಾ?" ನಿಜ, ಕೇಳಿರಲಿಲ್ಲ. ಮಳೆಗಾಲ ಅಂದರೆ ಜೂನ್, ಜುಲೈ ಅಂತ ನನ್ನ ತಲೆಯಲ್ಲಿತ್ತು. ಬೆಂಗಳೂರಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. 2022ರಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ನೀರು ನಿಂತು ಟ್ರ್ಯಾಕ್ಟರ್‌ನಲ್ಲಿ ಜನ ಆಫೀಸಿಗೆ ಹೋದದ್ದು ಸೆಪ್ಟೆಂಬರ್‌ನಲ್ಲೇ. ಅಲ್ಲಿಯ ಮಳೆಗೆ ಒಂದು ಹೊತ್ತೂ ಇದೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ನೆಲ ಕಾದು ಮೋಡ ಎದ್ದು ನಿಲ್ಲುತ್ತದೆ, ಸಂಜೆ ಸುರಿಯುತ್ತದೆ. ಏಪ್ರಿಲ್, ಮೇ ತಿಂಗಳ ಅಡ್ಡ ಮಳೆಯೂ ಹೆಚ್ಚಾಗಿ ಇದೇ ಹೊತ್ತಿನದ್ದು, ಜೊತೆಗೆ ಗಾಳಿ ಇರುವುದರಿಂದ ಮರಗಳು ಉರುಳುತ್ತವೆ. ವಾಯುಭಾರ ಕುಸಿತ ಆಗಿ ದಿನವಿಡೀ ಹಿಡಿಯುವುದು ಬೇರೆ ಮಾತು. ಹಾಗಿಲ್ಲದ ದಿನ, ಅದೇ ಗಾದಿಯನ್ನು ಬೆಳಿಗ್ಗೆ ಒಂಬತ್ತಕ್ಕೆ ಒಯ್ದಿದ್ದರೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಅದಾದ ಮೇಲೆ ಯಾರು ಬೆಂಗಳೂರಿಗೆ ಹೊರಟರೂ ನಾನು ಹೇಳುವುದು ಒಂದೇ, ಬಸ್ಸಿಳಿದ ಕೂಡಲೇ ಕೆಲಸ ಮುಗಿಸಿರಿ, ನೆಂಟರ ಮನೆಗೆ ಮಧ್ಯಾಹ್ನ ಹೋಗಿರಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಅವ್ವನ ಕ್ಯಾಲೆಂಡರ್

ಅವ್ವನ ಹತ್ತಿರ ವರ್ಷಕ್ಕೆ ಹನ್ನೆರಡು ತಿಂಗಳು ಇಲ್ಲ, ಮಳೆಗಳಿವೆ. ರೋಹಿಣಿ, ಮಿರಗ, ಆರಿದ್ರ, ಪುನರ್ವಸು, ಹೀಗೆ ಒಂದೊಂದು ಹದಿಮೂರು, ಹದಿನಾಲ್ಕು ದಿನದ್ದು. ಈಗ ಈ ಯೋಚನೆ ಹತ್ತಿದ ಮೇಲೆ ನಾನು ಅವಳ ಮಳೆಗಳನ್ನು ಹವಾಮಾನ ಇಲಾಖೆಯ ವಾಡಿಕೆಯ ತಾರೀಖಿನ ಪಕ್ಕ ಬರೆದು ನೋಡಿದೆ. ಮಿರಗ ಹೂಡುವುದು ಜೂನ್ 7, 8ಕ್ಕೆ. ಮುಂಬೈಗೆ ಮುಂಗಾರು ಮುಟ್ಟುವ ವಾಡಿಕೆ ದಿನ ಜೂನ್ 11. ಅಲ್ಲಿಂದ ಮಳೆ ವಾಪಸ್ ಹೋಗುವುದು ಅಕ್ಟೋಬರ್ 8ರ ಹೊತ್ತಿಗೆ, ಅಂದರೆ ಹಸ್ತ ಮುಗಿಯುತ್ತಾ ಬಂದು ಚಿತ್ತಿ ಹೂಡುವ ಮುಂಚೆ. ಅವ್ವನಿಗೆ ಇದನ್ನು ಹೇಳಿದರೆ ಆಶ್ಚರ್ಯವೇನೂ ಆಗಲಿಲ್ಲ. "ಮಳಿ ಎಲ್ಲಾರಿಗೂ ಒಂದ ಅಲ್ಲೇನು" ಅಂದಳು. ಆದರೆ ಬೀಳುವ ಅಳತೆ ಒಂದೇ ಅಲ್ಲ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನಮ್ಮ ಜಿಲ್ಲೆಯಲ್ಲಿ ಇಡೀ ವರ್ಷಕ್ಕೂ ಅಷ್ಟು ಬೀಳುವುದಿಲ್ಲ. ಅದು ಪುನರ್ವಸು ಮುಗಿದು ಪುಷ್ಯ ನಡೆಯುತ್ತಿದ್ದ ಹೊತ್ತು.

ಅಮವಾಸ್ಯೆ, ಹುಣ್ಣಿಮೆಯ ವಿಷಯ ಇನ್ನೂ ಉಪಯೋಗದ್ದು. ಮುಂಬೈನ ಮಳೆ ನೀರು ಸಮುದ್ರಕ್ಕೆ ಹೋಗಬೇಕು. ಸಮುದ್ರದಲ್ಲಿ ಉಬ್ಬರ ಇದ್ದಾಗ ನೀರಿನ ಮಟ್ಟ ಮೇಲಿರುತ್ತದೆ, ಚರಂಡಿಯ ನೀರು ಹೊರಗೆ ಹೋಗುವುದಿಲ್ಲ. ಆ ಹೊತ್ತಿಗೇ ಜೋರು ಮಳೆ ಬಂದರೆ ದಾದರ್‌ನ ಹಿಂದ್‌ಮಾತಾ, ಸಾಯನ್, ಕುರ್ಲಾದಂಥ ತಗ್ಗು ಜಾಗಗಳಲ್ಲಿ ನೀರು ನಿಲ್ಲುತ್ತದೆ, ಲೋಕಲ್ ರೈಲು ನಿಲ್ಲುತ್ತದೆ. ಉಬ್ಬರ ದಿನಕ್ಕೆ ಎರಡು ಸಲ, ಆರು ಗಂಟೆಯ ಅಂತರದಲ್ಲಿ ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸು ಉಬ್ಬರ ಎಲ್ಲಕ್ಕಿಂತ ಎತ್ತರ. ಹಾಗಾಗಿ ಜುಲೈನಲ್ಲಿ ಆಸ್ಪತ್ರೆಗೋ ಮತ್ತೊಂದಕ್ಕೋ ಹೋಗಲೇಬೇಕಾದವರು ಗೋಡೆ ಕ್ಯಾಲೆಂಡರ್‌ನಲ್ಲಿ ಆ ದಿನಗಳನ್ನು ತಪ್ಪಿಸಿ ಟಿಕೆಟ್ ಮಾಡಿಸಬಹುದು. ಇದಕ್ಕೆ 60 ದಿನವಲ್ಲ, ವರ್ಷ ಮೊದಲೇ ಗೊತ್ತಾಗುತ್ತದೆ. ಸಮುದ್ರವನ್ನೇ ಸರಿಯಾಗಿ ನೋಡಿರದ ಅವ್ವನ ಕ್ಯಾಲೆಂಡರ್ ಸಮುದ್ರದ ಲೆಕ್ಕ ಹೇಳುತ್ತದೆ ಅಂದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಬೇರೆ ಊರುಗಳ ಮಾತು ಚುಟುಕಾಗಿ. ಹೈದರಾಬಾದ್ ನಮ್ಮದೇ ಗಾಳಿಯ ಊರು, ಅಲ್ಲಿ ಟವೆಲ್ ಒಣಗುತ್ತದೆ, ಕೂಲರ್ ನಡೆಯುತ್ತದೆ, ಹಾಗಾಗಿ ನಮ್ಮವರು ಯಾವಾಗ ಬೇಕಾದರೂ ಹೋಗಿ ಬರುತ್ತಾರೆ. ಚೆನ್ನೈಗೆ ನಮ್ಮ ಮಳೆಗಾಲ ಮುಗಿದ ಮೇಲೆ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್. 2015ರಲ್ಲಿ ಆ ಊರು ಮುಳುಗಿದ್ದು ಡಿಸೆಂಬರ್ ಮೊದಲ ದಿನಗಳಲ್ಲಿ. ದೆಹಲಿಗೆ ನವೆಂಬರ್‌ನಲ್ಲಿ ಹೊಗೆ, ಡಿಸೆಂಬರ್, ಜನವರಿಯಲ್ಲಿ ಮಂಜು. ಆ ಮಂಜಿಗೆ ರೈಲು ತಡವಾಗಿ ನಮ್ಮವರು ರಾಯಚೂರಿನ ಪ್ಲಾಟ್‌ಫಾರಂನಲ್ಲಿ ಕಾಯುತ್ತಾರೆ. ಉಬ್ಬಸ ಇದ್ದವರನ್ನು ಕರೆದುಕೊಂಡು ಹೋಗುವುದಾದರೆ ಫೆಬ್ರವರಿ ಕೊನೆ, ಮಾರ್ಚ್ ಮೇಲು.

ಈ ಜನವರಿ

ಈ ಸಲ ನಮಗೆ ಜನವರಿ ಸಿಕ್ಕಿದೆ. ಸಿಕ್ಕ ಕಾರಣ ಸಂತೋಷದ್ದಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ಗೊತ್ತು. ಈಗ 33 ಗೇಟುಗಳನ್ನೂ ಬದಲಿಸಬೇಕು, ಅದಕ್ಕೆ ಎರಡನೇ ಬೆಳೆಗೆ ನೀರಿಲ್ಲ. ಜನವರಿಯಲ್ಲಿ ಕೆಸರು ತುಳಿದು ನಾಟಿ ಮಾಡಬೇಕಾದ ಗದ್ದೆ ಒಣಗಿ ಬಿರುಕು ಬಿಟ್ಟಿರುತ್ತದೆ. ನಮ್ಮ ಮನೆಯವರು ಕೂತಲ್ಲೇ ಒಂದು ಸಲ ಲೆಕ್ಕ ಹಾಕಿ, "ಹೊಲದಾಗ ಏನೂ ಇರಂಗಿಲ್ಲ. ಈಗರ ಅವ್ವನ್ನ ಕರಕೊಂಡು ಹೋಗು" ಅಂದರು. ಅವರ ದನಿ ಕೇಳಿ ನನಗೆ ತಕ್ಷಣ ಹೂಂ ಅನ್ನಲಿಕ್ಕೆ ಆಗಲಿಲ್ಲ.

ನಾನು ಹಾಕಿಕೊಂಡಿರುವುದು ಇಷ್ಟು. ಜನವರಿ 26ರ ಧ್ವಜಾರೋಹಣ ಮುಗಿಸಿ ಮಧ್ಯಾಹ್ನವೇ ರಾಯಚೂರು, 27ರ ಬೆಳಗಿನ ಜಾವದ ಉದ್ಯಾನ್. ಹತ್ತನೇ ಕ್ಲಾಸಿನವರ ಪರೀಕ್ಷೆ ಹತ್ತಿರ ಇರುವುದರಿಂದ ನಾನು ನಾಲ್ಕು ದಿನದಲ್ಲಿ ವಾಪಸ್. ಅವ್ವ ಅಲ್ಲೇ ಇರುತ್ತಾಳೆ, ಶಿವರಾತ್ರಿಗೆ ಮುಂಚೆ ತಮ್ಮ ಕರೆತಂದು ಬಿಡುತ್ತಾನೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುವುದು ಅಲ್ಲಿಗೂ ಒಂದೇ, ಅದಾದ ಮೇಲೆ ಸೆಕೆ. ಸಿದ್ಧಿವಿನಾಯಕನಿಗೆ ಬೆಳಿಗ್ಗೆ ಆರಕ್ಕೆ ಹೊರಡುವುದು, ತಮ್ಮ ರಜೆ ಹಾಕಿ ಜೊತೆಗೆ ಬರುವುದು, ಗಂಟೆಗೊಂದು ಸಲ ಉಪ್ಪು ನಿಂಬೆಹಣ್ಣಿನ ನೀರು. ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಅಂತ ತಮ್ಮ ಮೊದಲೇ ನೋಡಿಡಬೇಕು ಅಂತ ಹೇಳಿದ್ದೇನೆ. ಮೊದಲು ಮುಜುಗರಪಟ್ಟ, ಆಮೇಲೆ ಒಪ್ಪಿಕೊಂಡ. ದಾದರ್ ಮೇಲ್ಸೇತುವೆಯ ಆ ಮೆಟ್ಟಿಲ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು ಅಂತ ನನಗಿದೆ. ಆ ಹೂವಿನ ಹೆಂಗಸಿನ ಹೆಸರೂ ಕೇಳಿರಲಿಲ್ಲ.

ಇಷ್ಟೆಲ್ಲ ಹೇಳಿದರೂ ಅವ್ವ ಹೂಂ ಅನ್ನಲಿಲ್ಲ. ಇಲಾಖೆಯ ವಾಡಿಕೆ, ಡಿಗ್ರಿ ಲೆಕ್ಕ ಯಾವುದೂ ಅವಳಿಗೆ ಬೇಕಿರಲಿಲ್ಲ. ಮೊನ್ನೆ ರಾತ್ರಿ ತಮ್ಮನ ಫೋನ್ ಬಂದಾಗ ತಾನೇ ಇಸಿದುಕೊಂಡು ಹೇಳಿದಳು, "ಇವತ್ತ ಜಳಕದ್ದು ಟವೆಲ್ ಹಿಂಡಿ ಗ್ಯಾಲರ್‍ಯಾಗ ಹಾಕು. ಮುಂಜಾನಿ ಎದ್ದ ಕೂಡ್ಲೇ ಮುಟ್ಟಿ ನೋಡಿ ಹೇಳು." ಬೆಳಿಗ್ಗೆ ಏಳಕ್ಕೆ ಅವನ ಫೋನ್ ಬಂತು. "ಒಣಗ್ಯಾದ ಅವ್ವಾ. ಅಂಚು ಮಾತ್ರ ಹಸಿ ಅದ."

"ದಪ್ಪಂದು ಹಾಕಿದ್ದ್ಯೋ ತೆಳ್ಳಂದೋ?"

"ದಪ್ಪಂದ ಅವ್ವಾ. ನೀ ಬಿಟ್ಟು ಹೋಗಿದ್ದ್ಯಲ್ಲ, ನೀಲಿದು."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆ ಕಡೆಯಿಂದ ಮೊಮ್ಮಗಳು ಏನೋ ಕೂಗುತ್ತಿತ್ತು. ಫೋನ್ ನನ್ನ ಕೈಗೆ ಕೊಟ್ಟು, ಅಂಗಳದಲ್ಲಿ ಹರವಿದ ಭತ್ತಕ್ಕೆ ಕಾಲಾಡಿಸಲಿಕ್ಕೆ ಎದ್ದು ಹೋಗುತ್ತಾ ಹೇಳಿದಳು, "ಟಿಕೆಟ್ ಮಾಡ್ಸು. ಕೆಳಗಿನ ಸೀಟ್ ನೋಡಿ ಮಾಡ್ಸು."